ಅಪರಾಧಿ ಓಟಗಾರನಿಗೆ ಮರಳಿ ಪಂದ್ಯವುಂಟೆ?

(ಅಂತಿಮ ಬಿ.ಎ. ವಿದ್ಯಾರ್ಥಿ)

ಆಟವೇ ಬೇರೆ, ಬಾಳೇ ಬೇರೆ. ಇವೆರಡನ್ನೂ ಬೆರೆಸಬಾರದೆಂದು ಹೇಳುವವರುಂಟು. ಸಂಜೆಯ ಹೊತ್ತು ಕಾಲೇಜಿನ ಮೈದಾನದಲ್ಲಿ ಚೆಂಡಾಡಿ ಮನೆಗೆ ಹೋಗುವ ನಮ್ಮಂಥವರ ಮಟ್ಟಿಗೆ ಈ ಮಾತು ನಿಜವಿರಬಹುದು. ಆದರೆ ಯಾರು ಆಟದಿಂದಲೇ ಅನ್ನ ಸಂಪಾದಿಸುತ್ತಾರೆಯೋ ಅವರ ಮಟ್ಟಿಗೆ ನಿಜವಲ್ಲ. ಅಂಥವನೊಬ್ಬನು ಅಪರಾಧ ಮಾಡಿದನೆನ್ನಿ. ನ್ಯಾಯಸ್ಥಾನವು ವಿಚಾರಣೆ ನಡೆಸಿ ಶಿಕ್ಷೆ ವಿಧಿಸಿತೆನ್ನಿ. ಅವನು ಆ ಶಿಕ್ಷೆಯನ್ನು ಪೂರ್ತಿಯಾಗಿ ಅನುಭವಿಸಿ ಸೆರೆಮನೆಯಿಂದ ಹೊರಗೆ ಬಂದನೆನ್ನಿ. ಅವನಿಗೆ ಮತ್ತೆ ಪಂದ್ಯದ ಅಂಗಳಕ್ಕೆ ಪ್ರವೇಶವುಂಟೆ? ಉಂಟೆನ್ನುವುದಾದರೆ ಯಾವ ಕರಾರಿನ ಮೇಲೆ? ಇಲ್ಲವೆನ್ನುವುದಾದರೆ ಎಷ್ಟು ಕಾಲದವರೆಗೆ? ಈ ಪ್ರಶ್ನೆಯನ್ನು ಮೋಟಾರ್ ಸೈಕಲ್ ಪಂದ್ಯದ ಸವಾರರನ್ನು ಮುಂದಿಟ್ಟುಕೊಂಡು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಬಿ.ಎ. ಓದುವ ಹುಡುಗನಿಗೆ ಮೋಟಾರ್ ಸೈಕಲ್ ಪಂದ್ಯದ ಗೊಡವೆ ಏಕೆಂದು ಕೆಲವು ಮಿತ್ರರು ಕೇಳಿದರು. ಕಾರಣವುಂಟು. ಪಂದ್ಯದ ಸವಾರನಿಗೂ ನಮ್ಮ ರಸ್ತೆಗಳ ಸಾಮಾನ್ಯ ಚಾಲಕನಿಗೂ ಒಂದು ವಿಷಯದಲ್ಲಿ ಭೇದವಿಲ್ಲ. ಇಬ್ಬರ ಅನ್ನವೂ ಒಂದು ಚೀಟಿಯಲ್ಲಿದೆ. ಆ ಚೀಟಿಯ ಹೆಸರು ಲೈಸೆನ್ಸು. ಅದು ಕೈಯಲ್ಲಿದ್ದರೆ ಬದುಕು, ಇಲ್ಲವಾದರೆ ಬೀದಿ. ಇನ್ನು ನಮ್ಮ ಮಾತು. ಕೆಲವೇ ತಿಂಗಳುಗಳಲ್ಲಿ ನಮ್ಮ ತರಗತಿಯ ಬಹುಮಂದಿ ಕೆಲಸಕ್ಕಾಗಿ ಅರ್ಜಿ ತುಂಬಲಿದ್ದೇವೆ. ಯಾವುದಾದರೂ ಅಪರಾಧಕ್ಕಾಗಿ ನಿಮಗೆ ಶಿಕ್ಷೆಯಾಗಿದೆಯೆ ಎಂಬ ಕಲಂ ಅಂಥ ಅರ್ಜಿಗಳಲ್ಲಿ ಇರುವುದುಂಟು. ನಾವು ‘ಇಲ್ಲ’ವೆಂದು ಬರೆದು ಮುಂದಿನ ಕಲಮಿಗೆ ಹೋಗುತ್ತೇವೆ. ‘ಹೌದು’ ಎಂದು ಬರೆಯಬೇಕಾದವನ ಗತಿಯೇನೆಂದು ಯೋಚಿಸುವುದಿಲ್ಲ. ಆದುದರಿಂದ ಇದು ಕೇವಲ ಓಟಗಾರರ ಪ್ರಶ್ನೆಯಲ್ಲ.

ಈ ಪಂದ್ಯವನ್ನು ನೋಡದವರಿಗಾಗಿ ಎರಡು ಮಾತು. ಮೋಟಾರ್ ಸೈಕಲ್ ಕ್ರೀಡೆಯನ್ನು ಜಗತ್ತಿನಲ್ಲೆಲ್ಲ ನಿಯಂತ್ರಿಸುವ ಅಂತರರಾಷ್ಟ್ರೀಯ ಒಕ್ಕೂಟವೊಂದಿದೆ, ಎಫ್.ಐ.ಎಂ. ಎಂದು ಅದರ ಹೆಸರು. ೧೯೦೪ರಲ್ಲಿ ಹುಟ್ಟಿದ ಈ ಸಂಸ್ಥೆಯ ಕಚೇರಿ ಈಗ ಸ್ವಿಟ್ಜರ್ಲೆಂಡಿನಲ್ಲಿದೆ. ರಸ್ತೆ ಪಂದ್ಯಗಳ ವಿಶ್ವ ಚಾಂಪಿಯನ್‌ಷಿಪ್ ೧೯೪೯ರಿಂದ ನಡೆದು ಬಂದಿದೆ. ಅದರಲ್ಲಿ ಮೋಟೋ-೩, ಮೋಟೋ-೨, ಮೋಟೋ ಜಿ.ಪಿ. ಎಂದು ಮೂರು ದರ್ಜೆಗಳು. ಹುಡುಗರು ಕೆಳಗಿನ ದರ್ಜೆಯಲ್ಲಿ ಗೆದ್ದು ಮೇಲಿನ ದರ್ಜೆಗೆ ಏರುತ್ತಾರೆ. ೨೦೨೩ರ ಸೆಪ್ಟೆಂಬರಿನಲ್ಲಿ ದೆಹಲಿಯ ಸಮೀಪದ ಗ್ರೇಟರ್ ನೋಯ್ಡಾದಲ್ಲಿ ಈ ಪಂದ್ಯ ಮೊದಲ ಬಾರಿಗೆ ನಮ್ಮ ದೇಶಕ್ಕೂ ಬಂದಿತ್ತು. ಲೈಸೆನ್ಸಿಲ್ಲದೆ ಯಾವ ಸವಾರನೂ ಈ ಪಂದ್ಯಗಳಲ್ಲಿ ಗಾಡಿ ಹತ್ತುವಂತಿಲ್ಲ.

ಇಪ್ಪತ್ತು ಮೂವತ್ತು ಮಂದಿ ಸವಾರರು ಗಂಟೆಗೆ ೨೦೦ ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಮೈಗೆ ಮೈ ತಾಗುವಷ್ಟು ಹತ್ತಿರದಲ್ಲಿ ಓಡುತ್ತಾರೆ. ಮುಂದಿನ ಗಾಲಿಯ ಬ್ರೇಕಿನ ಹಿಡಿ ಸವಾರನ ಬಲಗೈ ಬೆರಳುಗಳ ಬಳಿ ಇರುತ್ತದೆ. ಗಾಡಿಯನ್ನು ತಡೆಯುವ ಶಕ್ತಿಯಲ್ಲಿ ಹೆಚ್ಚಿನ ಪಾಲು ಈ ಬ್ರೇಕಿನದೇ. ಅದನ್ನು ಹಿಡಿದೊಡನೆ ಗಾಡಿಯ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಎಷ್ಟು ಹಿಡಿಯಬೇಕು, ಯಾವಾಗ ಬಿಡಬೇಕು ಎಂಬುದರಲ್ಲಿಯೇ ಸವಾರನ ವಿದ್ಯೆಯೆಲ್ಲ ಅಡಗಿದೆ. ಪಕ್ಕದವನು ನನ್ನನ್ನು ಸೋಲಿಸಲು ಯತ್ನಿಸುವನೇ ಹೊರತು ಕೊಲ್ಲಲು ಯತ್ನಿಸುವುದಿಲ್ಲ ಎಂಬ ನಂಬಿಕೆಯೊಂದಿಲ್ಲದಿದ್ದರೆ ಈ ಪಂದ್ಯ ಒಂದು ಸುತ್ತೂ ನಡೆಯಲಾರದು.

ಈ ನಂಬಿಕೆ ಮುರಿದು ಬಿದ್ದ ದಿನವೊಂದುಂಟು. ೨೦೧೮ರ ಸೆಪ್ಟೆಂಬರ್ ೯ರಂದು ಇಟಲಿಯ ಮಿಸಾನೊ ಎಂಬಲ್ಲಿ ಮೋಟೋ-೨ ದರ್ಜೆಯ ಪಂದ್ಯ ನಡೆಯುತ್ತಿತ್ತು. ರೊಮಾನೊ ಫೆನಾಟಿ ಎಂಬ ಇಪ್ಪತ್ತೆರಡು ವರ್ಷದ ಸವಾರನು, ನೇರ ದಾರಿಯಲ್ಲಿ ತನ್ನ ಪಕ್ಕದಲ್ಲಿ ಓಡುತ್ತಿದ್ದ ಸ್ಟೆಫಾನೊ ಮಾಂಜಿಯ ಕಡೆಗೆ ಕೈಚಾಚಿ ಅವನ ಮುಂದಿನ ಬ್ರೇಕನ್ನು ಒತ್ತಿಬಿಟ್ಟನು. ವೇಗ ಗಂಟೆಗೆ ೨೦೦ ಕಿಲೋಮೀಟರಿಗಿಂತ ಹೆಚ್ಚು. ಮಾಂಜಿಯ ಗಾಡಿ ತತ್ತರಿಸಿತು; ಅದೃಷ್ಟವಶಾತ್ ಅವನು ಬೀಳಲಿಲ್ಲ. ಅದಕ್ಕೆ ಮುಂಚೆ ಮಾಂಜಿಯೂ ಒರಟಾಗಿ ನಡೆದುಕೊಂಡಿದ್ದನೆಂಬುದು ಸತ್ಯ; ಅವನಿಗೂ ದಂಡನೆಯಾಯಿತು. ಆದರೆ ಒರಟುತನವೇ ಬೇರೆ, ಇನ್ನೊಬ್ಬನ ಪ್ರಾಣದ ಮೇಲೆ ಕೈಹಾಕುವುದೇ ಬೇರೆ. ಇದು ಫೆನಾಟಿಯ ಮೊದಲ ತಪ್ಪೂ ಅಲ್ಲ. ೨೦೧೫ರಲ್ಲಿ ಆರ್ಜೆಂಟೀನದಲ್ಲಿ ಆತ ಇನ್ನೊಬ್ಬ ಸವಾರನನ್ನು ಒದ್ದು ಅವನ ಗಾಡಿಯ ಎಂಜಿನನ್ನು ಆರಿಸಿದ್ದನು.

ಮಿಸಾನೊದಲ್ಲಿ ಕಪ್ಪು ಬಾವುಟ ತೋರಿಸಿ ಆತನನ್ನು ಪಂದ್ಯದಿಂದ ಹೊರಹಾಕಿದರು. ಅಧಿಕಾರಿಗಳು ಎರಡು ಪಂದ್ಯಗಳ ನಿಷೇಧ ವಿಧಿಸಿದರು. ಲೋಕಕ್ಕೆ ಅದು ಸಾಲದೆಂದು ತೋರಿತು. ಮರುದಿನವೇ ಆತನ ತಂಡ ಆತನನ್ನು ಕೈಬಿಟ್ಟಿತು. ಮುಂದಿನ ವರ್ಷಕ್ಕೆ ಆಗಿದ್ದ ಇನ್ನೊಂದು ಒಪ್ಪಂದವೂ ಮುರಿದುಬಿತ್ತು. ಕೊನೆಗೆ ಅಂತರರಾಷ್ಟ್ರೀಯ ಒಕ್ಕೂಟವು ಆ ವರ್ಷದ ಉಳಿದ ಅವಧಿಗೆ ಲೈಸೆನ್ಸನ್ನು ತಡೆಹಿಡಿಯಿತು. ಆತ ಕ್ಷಮೆ ಬೇಡಿದನು. ಪಂದ್ಯವನ್ನೇ ಬಿಟ್ಟು ಮನೆಯವರ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಕೆಲಸ ಮಾಡುವೆನೆಂದೂ ಹೇಳಿದನು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ೨೦೧೯ರಲ್ಲಿ ಕೈಬಿಟ್ಟ ತಂಡವೇ ಆತನನ್ನು ಒಂದು ದರ್ಜೆ ಕೆಳಗೆ, ಮೋಟೋ-೩ರಲ್ಲಿ, ಮರಳಿ ಸೇರಿಸಿಕೊಂಡಿತು. ಆ ಆಗಸ್ಟಿನಲ್ಲಿ ಆತ ಆಸ್ಟ್ರಿಯದ ಪಂದ್ಯ ಗೆದ್ದನು. ೨೦೨೦ರ ಸೆಪ್ಟೆಂಬರಿನಲ್ಲಿ ಅದೇ ಮಿಸಾನೊದಲ್ಲಿ, ಅದೇ ದಾರಿಯಲ್ಲಿ, ಮೊದಲಿಗನಾಗಿ ಬಂದನು.

ನಾನು ಹೇಳಿದ ಈ ಶಿಕ್ಷೆಗಳೆಲ್ಲ ಕ್ರೀಡೆಯೇ ವಿಧಿಸಿದವು. ಸೆರೆಮನೆಯ ಮಾತು ಇದರಲ್ಲಿಲ್ಲ. ಇನ್ನೊಂದು ಕಥೆಯಲ್ಲಿ ಸೆರೆಮನೆಯೂ ಇದೆ. ಅದು ಮೋಟಾರ್ ಸೈಕಲಿನದಲ್ಲ, ಕಾರಿನ ಪಂದ್ಯದ್ದು. ಆದರೂ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಪ್ರಶ್ನೆ ತಿಳಿಯಾಗುತ್ತದೆ.

ಬರ್ಟ್ರಾಂಡ್ ಗಾಶೊ ಎಂಬಾತ ಫಾರ್ಮುಲಾ ಒನ್ ಪಂದ್ಯಗಳಲ್ಲಿ ಜೋರ್ಡನ್ ತಂಡದ ಕಾರು ಓಡಿಸುತ್ತಿದ್ದನು. ೧೯೯೧ರ ಜೂನ್ ತಿಂಗಳಲ್ಲಿ ಫ್ರಾನ್ಸಿನ ಲೆ ಮಾನ್ ಎಂಬಲ್ಲಿ ನಡೆಯುವ ಇಪ್ಪತ್ತನಾಲ್ಕು ಗಂಟೆಗಳ ಪ್ರಸಿದ್ಧ ಪಂದ್ಯವನ್ನು ಇಬ್ಬರು ಜೊತೆಗಾರರೊಡನೆ ಗೆದ್ದಿದ್ದನು. ಆಗಸ್ಟಿನ ಹಂಗೆರಿ ಪಂದ್ಯದಲ್ಲಿ ಎಲ್ಲರಿಗಿಂತ ವೇಗವಾದ ಸುತ್ತು ಆತನದೇ. ಆದರೆ ಅದಕ್ಕೆ ಹಿಂದೆ, ೧೯೯೦ರ ಡಿಸೆಂಬರಿನಲ್ಲಿ, ಲಂಡನ್ನಿನ ರಸ್ತೆಯಲ್ಲಿ ಟ್ಯಾಕ್ಸಿ ಚಾಲಕನೊಬ್ಬನೊಡನೆ ಜಗಳವಾಗಿ ಅವನ ಮುಖಕ್ಕೆ ಕಣ್ಣುರಿಸುವ ಅನಿಲ ಎರಚಿದ್ದನು. ಅಂಥ ಅನಿಲವನ್ನು ಇಟ್ಟುಕೊಳ್ಳುವುದೇ ಆ ದೇಶದಲ್ಲಿ ಅಪರಾಧ. ಹಂಗೆರಿಯ ಪಂದ್ಯ ಮುಗಿದ ಕೆಲವೇ ದಿನಗಳಲ್ಲಿ ನ್ಯಾಯಾಲಯ ಆತನಿಗೆ ಹದಿನೆಂಟು ತಿಂಗಳ ಸೆರೆವಾಸ ವಿಧಿಸಿತು. ಮೇಲ್ಮನವಿಯಲ್ಲಿ ಶಿಕ್ಷೆ ಕಡಮೆಯಾಗಿ ಸುಮಾರು ಎರಡು ತಿಂಗಳಲ್ಲಿ ಹೊರಗೆ ಬಂದನು.

ಆ ಎರಡು ತಿಂಗಳಲ್ಲಿ ಏನಾಯಿತು? ಆಗಸ್ಟ್ ೨೫ರ ಬೆಲ್ಜಿಯಂ ಪಂದ್ಯದಲ್ಲಿ ಆತನ ಖಾಲಿ ಸ್ಥಾನಕ್ಕೆ ಒಬ್ಬ ಹೊಸ ಹುಡುಗನನ್ನು ಕೂಡಿಸಿದರು. ಆ ಹುಡುಗನೇ ಮುಂದೆ ಏಳು ಸಲ ವಿಶ್ವ ಚಾಂಪಿಯನ್ ಆದ ಮೈಕೆಲ್ ಶುಮಾಕರ್. ಗಾಶೊ ಬಿಡುಗಡೆಯಾಗಿ ಬಂದಾಗ ಆತನ ಕಾರಿನಲ್ಲಿ ಬೇರೆಯವರಿದ್ದರು. ಆತ ಪಂದ್ಯಕ್ಕೆ ಮರಳಲಿಲ್ಲವೆಂದಲ್ಲ. ೧೯೯೨ರಲ್ಲಿ ಲಾರೂಸ್ ಎಂಬ ತಂಡದಲ್ಲಿ ಓಡಿದನು, ಆಮೇಲೆ ೧೯೯೫ರವರೆಗೆ ಪೆಸಿಫಿಕ್ ಎಂಬ ಚಿಕ್ಕ ತಂಡದಲ್ಲಿಯೂ ಇದ್ದನು. ಆದರೆ ಅಂಥ ಒಳ್ಳೆಯ ಕಾರು ಮತ್ತೆ ಆತನ ಕೈಗೆ ಬರಲಿಲ್ಲ.

ಈಗ ಎರಡನ್ನೂ ತೂಗಿ ನೋಡೋಣ. ಒಬ್ಬನು ಪಂದ್ಯದ ದಾರಿಯಲ್ಲಿಯೇ, ಗಾಡಿಯ ಮೇಲೆ ಕುಳಿತೇ, ಜೊತೆಯ ಸವಾರನ ಪ್ರಾಣಕ್ಕೆ ಕುತ್ತು ತಂದನು. ಅವನಿಗೆ ಕ್ರೀಡೆಯ ಶಿಕ್ಷೆ ಕೆಲವು ತಿಂಗಳು, ಆಮೇಲೆ ಜಯಮಾಲೆ. ಇನ್ನೊಬ್ಬನು ಪಂದ್ಯಕ್ಕೆ ಸಂಬಂಧವಿಲ್ಲದ ಕಡೆ ಅಪರಾಧ ಮಾಡಿದನು. ಅವನಿಗೆ ನ್ಯಾಯಾಲಯದ ಶಿಕ್ಷೆ ಎರಡು ತಿಂಗಳು. ಕ್ರೀಡೆಯಲ್ಲಿ ಆದ ನಷ್ಟ ಮಾತ್ರ ಎಂದಿಗೂ ತುಂಬಲಿಲ್ಲ. ಕ್ರೀಡಾಲೋಕದಲ್ಲಿ ಅಪರಾಧಕ್ಕೂ ಅದರ ಫಲಕ್ಕೂ ಗೊತ್ತಾದ ಅಳತೆಯಿಲ್ಲ. ಯಾವ ತಂಡಕ್ಕೆ ಆ ಹೊತ್ತಿಗೆ ಯಾರು ಬೇಕು, ಯಾರ ಸ್ಥಾನ ಖಾಲಿಯಿದೆ, ಯಾರು ಎಷ್ಟು ವೇಗ ಎಂಬುದರ ಮೇಲೆ ಒಬ್ಬನ ಬದುಕು ನಿರ್ಧಾರವಾಗುತ್ತದೆ. ಇದನ್ನು ನ್ಯಾಯವೆನ್ನಲಾಗದು, ಜೂಜೆನ್ನಬಹುದು.

ಹಾಗಾದರೆ ಇಂಥವರನ್ನು ಆಜೀವ ಹೊರಗಿಟ್ಟುಬಿಟ್ಟರೆ ಸುಲಭವಲ್ಲವೆ? ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನು ಹಿಡಿದುಕೊಂಡು ಹೀಗೆ ವಾದಿಸುವವರು ಬಹಳ. ಆಟಗಾರರು ಎಳೆಯರಿಗೆ ಆದರ್ಶಪ್ರಾಯರು; ಅಪರಾಧಿಯನ್ನು ಮೆರೆಸಿದರೆ ಮಕ್ಕಳು ಏನು ಕಲಿತಾರು ಎಂಬುದು ಅವರ ಎರಡನೆಯ ಮಾತು. ಈ ಎರಡನೆಯ ಮಾತಿನಲ್ಲಿ ತೂಕವಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲನೆಯದು ಗಾದೆಯೇ ಹೊರತು ಶಾಸನವಲ್ಲ. ಮನುಷ್ಯನ ಗುಣ ಸುಟ್ಟರೂ ಹೋಗದೆನ್ನುವುದಾದರೆ ಶಿಕ್ಷೆಗೆ ಅವಧಿಯನ್ನೇಕೆ ಇಡಬೇಕು? ಮೂರು ತಿಂಗಳು, ಆರು ತಿಂಗಳು, ಎರಡು ವರ್ಷ ಎಂದು ನ್ಯಾಯಾಧೀಶರು ಲೆಕ್ಕ ಹಾಕುವುದೇಕೆ? ಶಿಕ್ಷೆಗೆ ಕೊನೆಯ ದಿನವೊಂದನ್ನು ಬರೆದಾಗಲೇ ಆ ದಿನದ ಮರುದಿನ ಅವನು ನಮ್ಮೊಡನೆ ಬಾಳಬೇಕಾದವನೆಂದು ಒಪ್ಪಿಕೊಂಡಂತಾಯಿತು.

ನಮ್ಮ ಕಾನೂನುಗಳೂ ಈ ದಾರಿಯನ್ನೇ ಹಿಡಿದಿವೆ. ಒಂದೇ ಅಪರಾಧಕ್ಕಾಗಿ ಯಾರನ್ನೂ ಒಂದಕ್ಕಿಂತ ಹೆಚ್ಚು ಸಲ ವಿಚಾರಣೆಗೊಳಪಡಿಸಿ ದಂಡಿಸಕೂಡದೆಂದು ನಮ್ಮ ಸಂವಿಧಾನದ ೨೦ನೆಯ ಅನುಚ್ಛೇದ ಹೇಳುತ್ತದೆ. ೧೯೫೮ರ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮದ ಪ್ರಕಾರ, ಸನ್ನಡತೆಯ ಭರವಸೆಯ ಮೇಲೆ ಬಿಡುಗಡೆಯಾದವನಿಗೆ ಆ ಅಪರಾಧದ ಕಾರಣದಿಂದ ಅನರ್ಹತೆ ಅಂಟಿಕೊಳ್ಳಕೂಡದು. ಬ್ರಿಟನ್ನಿನಲ್ಲಿ ೧೯೭೪ರ ಕಾನೂನಿನಂತೆ, ಚಿಕ್ಕ ಶಿಕ್ಷೆಗಳನ್ನು ಗೊತ್ತಾದ ಕಾಲ ಕಳೆದ ಮೇಲೆ ಸಂದುಹೋದವೆಂದು ಎಣಿಸುತ್ತಾರೆ. ಎಲ್ಲಕ್ಕಿಂತ ಸ್ವಾರಸ್ಯವಾದುದು ನಮ್ಮ ೧೯೫೧ರ ಪ್ರಜಾಪ್ರಾತಿನಿಧ್ಯ ಅಧಿನಿಯಮ. ಎರಡು ವರ್ಷ ಅಥವಾ ಅದಕ್ಕೆ ಮೇಲ್ಪಟ್ಟ ಶಿಕ್ಷೆಯಾದವನು ಬಿಡುಗಡೆಯಾದ ಆರು ವರ್ಷಗಳ ಬಳಿಕ ಮತ್ತೆ ಚುನಾವಣೆಗೆ ನಿಲ್ಲಬಹುದು. ದೇಶಕ್ಕೆ ಕಾನೂನು ಮಾಡುವ ಪೀಠಕ್ಕೇ ಮರಳುವ ದಾರಿಯಿರುವಾಗ ಮೋಟಾರ್ ಸೈಕಲಿನ ಸೀಟಿಗೆ ಮರಳುವ ದಾರಿ ಇರಬಾರದೆಂದರೆ ಅದಾವ ತರ್ಕ?

ಕ್ರೀಡೆಯ ನ್ಯಾಯವೂ ಇದಕ್ಕೆ ಸಾಕ್ಷಿ ನುಡಿದಿದೆ. ಮದ್ದು ಸೇವಿಸಿ ಆರು ತಿಂಗಳಿಗಿಂತ ಹೆಚ್ಚು ನಿಷೇಧಕ್ಕೆ ಒಳಗಾದ ಕ್ರೀಡಾಪಟು, ಆ ನಿಷೇಧ ಮುಗಿದಿದ್ದರೂ ಮುಂದಿನ ಒಲಿಂಪಿಕ್ಸಿನಲ್ಲಿ ಭಾಗವಹಿಸಕೂಡದೆಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ೨೦೦೮ರಲ್ಲಿ ನಿಯಮ ಮಾಡಿತ್ತು. ೨೦೧೧ರ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನ ಕ್ರೀಡಾ ಪಂಚಾಯಿತಿ ನ್ಯಾಯಾಲಯ ಆ ನಿಯಮವನ್ನು ತಳ್ಳಿಹಾಕಿತು. ಗಾಯದ ಮೇಲೆ ಮತ್ತೊಂದು ಬರೆ ಎಳೆಯುವ ಅಧಿಕಾರ ಯಾರಿಗೂ ಇಲ್ಲವೆಂಬುದು ಅದರ ತಾತ್ಪರ್ಯ.

ಇಷ್ಟಾದರೂ ಎದುರುವಾದಿಗಳ ಬಾಯಿ ಕಟ್ಟಿದಂತಾಗಲಿಲ್ಲ. ಅವರ ಬಲವಾದ ಪ್ರಶ್ನೆ ಇದು: ನ್ಯಾಯಾಲಯ ಬಿಟ್ಟಿತು ಸರಿ, ಪಕ್ಕದಲ್ಲಿ ಓಡುವವನು ಹೇಗೆ ನಂಬಬೇಕು? ಕ್ರಿಕೆಟ್ಟಿನಲ್ಲಿ ಈ ಪ್ರಶ್ನೆ ಎದ್ದುದು ನಮಗೆಲ್ಲ ತಿಳಿದಿದೆ. ಪಾಕಿಸ್ತಾನದ ಮೊಹಮ್ಮದ್ ಆಮಿರ್ ೨೦೧೦ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಹಣದ ಸಂಚಿಗೆ ಒಳಗಾಗಿ ಬೇಕೆಂದೇ ನೋ-ಬಾಲ್ ಎಸೆದಾಗ ಆತನಿಗೆ ಹದಿನೆಂಟು ವರ್ಷ. ೨೦೧೧ರಲ್ಲಿ ಲಂಡನ್ನಿನ ನ್ಯಾಯಾಲಯ ಆರು ತಿಂಗಳ ಶಿಕ್ಷೆ ವಿಧಿಸಿತು. ಕ್ರಿಕೆಟ್ ಮಂಡಳಿ ಐದು ವರ್ಷ ನಿಷೇಧಿಸಿತು. ಅವಧಿ ಮುಗಿದು ಆತ ರಾಷ್ಟ್ರೀಯ ಶಿಬಿರಕ್ಕೆ ಬಂದಾಗ ಇಬ್ಬರು ಹಿರಿಯ ಆಟಗಾರರು ಆತನೊಡನೆ ಇರಲಾರೆವೆಂದರು. ಆಮೇಲೆ ಮನಸ್ಸು ಬದಲಿಸಿದರು. ೨೦೧೬ರ ಆರಂಭದಲ್ಲಿ ಆತ ಮರಳಿ ದೇಶಕ್ಕಾಗಿ ಆಡಿದನು. ೨೦೧೭ರ ಜೂನ್ ೧೮ರಂದು ಚಾಂಪಿಯನ್ಸ್ ಟ್ರೋಫಿಯ ಅಂತಿಮ ಪಂದ್ಯದಲ್ಲಿ ನಮ್ಮ ರೋಹಿತ್, ಕೊಹ್ಲಿ, ಧವನ್ ಮೂವರನ್ನೂ ಔಟ್ ಮಾಡಿದುದನ್ನು ನಾವು ಮರೆಯುವಂತಿಲ್ಲ. ಅಂದು ನಮಗೆ ಹೊಟ್ಟೆ ಉರಿದುದು ನಿಜವಾದರೂ ಅಲ್ಲಿ ಒಂದು ಕ್ರಮವಿತ್ತೆಂದು ಒಪ್ಪಬೇಕು. ಐದು ವರ್ಷವೆಂದು ಮೊದಲೇ ಹೇಳಿದ್ದರು. ಐದು ವರ್ಷವಾದ ಮೇಲೆ ಬಾಗಿಲು ತೆರೆಯಿತು. ಆತ ಚಿಕ್ಕವನೆಂದು ಅಳತೆಯನ್ನು ಕುಗ್ಗಿಸಲಿಲ್ಲ, ಪ್ರಖ್ಯಾತನೆಂದು ಹಿಗ್ಗಿಸಲೂ ಇಲ್ಲ.

ಇದರಿಂದ ಒಂದು ವಿವೇಕ ಹೊಳೆಯುತ್ತದೆ. ಅಪರಾಧವು ಆಟದ ಮೂಲ ನಂಬಿಕೆಯನ್ನೇ ಮುರಿದಿದ್ದರೆ, ನ್ಯಾಯಾಲಯದ ಶಿಕ್ಷೆಯಲ್ಲದೆ ಆಟವೂ ತನ್ನ ಶಿಕ್ಷೆಯನ್ನು ವಿಧಿಸಬಹುದು. ಲಂಚ ತಿಂದ ಗುಮಾಸ್ತನಿಗೆ ಕೋರ್ಟಿನ ಶಿಕ್ಷೆಯ ಜೊತೆಗೆ ಇಲಾಖೆಯ ಕ್ರಮವೂ ಇರುವಂತೆ ಇದು. ಜೊತೆಗಾರನ ಬ್ರೇಕು ಹಿಡಿದವನು ಈ ಜಾತಿಗೆ ಸೇರಿದವನು. ಆದರೆ ಟ್ಯಾಕ್ಸಿಯವನೊಡನೆ ಜಗಳವಾಡಿದ ಗಾಶೊ ಈ ಜಾತಿಗೆ ಸೇರುವುದಿಲ್ಲ. ಅವನೊಡನೆ ಓಡುವುದಕ್ಕೆ ಬೇರೆ ಚಾಲಕರು ಹೆದರಬೇಕಾದ ಕಾರಣವಿರಲಿಲ್ಲ. ಅಲ್ಲಿ ನ್ಯಾಯಾಲಯದ ಶಿಕ್ಷೆಯೇ ಕೊನೆಯ ಶಿಕ್ಷೆಯಾಗಬೇಕು.

ಇನ್ನು ನೊಂದವರ ಮಾತು. ಓಟಗಾರರ ಕಥೆ ಹೇಳುವವರು ಇದನ್ನು ಎಷ್ಟು ಬೇಗ ಮರೆತುಬಿಡುತ್ತಾರೆ! ಗಾಶೊ ಸೆರೆಯಲ್ಲಿದ್ದಾಗ ಬೆಲ್ಜಿಯಂ ಪಂದ್ಯದ ಹೊತ್ತಿಗೆ ಅಭಿಮಾನಿಗಳು, ಅವನಿಗೇಕೆ ಹೀಗಾಯಿತೆಂದು ಕೇಳುವ ಬರಹವನ್ನು ಅಂಗಿಯ ಮೇಲೆ ಹಾಕಿಕೊಂಡು ಬಂದರು. ಅವರು ಮರುಗಿದುದು ಓಟಗಾರನಿಗಾಗಿ. ಕಣ್ಣು ಉರಿದುದು ಮಾತ್ರ ಟ್ಯಾಕ್ಸಿಯವನದು. ಮುಷ್ಟಿಯುದ್ಧದ ಮೈಕ್ ಟೈಸನ್ನನ ವಿಷಯ ಇದಕ್ಕಿಂತ ಘೋರವಾದುದು. ಒಬ್ಬ ಯುವತಿಯ ಮೇಲಿನ ಅತ್ಯಾಚಾರಕ್ಕಾಗಿ ೧೯೯೨ರಲ್ಲಿ ಅಮೆರಿಕದ ನ್ಯಾಯಾಲಯ ಆರು ವರ್ಷದ ಸೆರೆವಾಸ ವಿಧಿಸಿತು. ೧೯೯೫ರ ಮಾರ್ಚಿಯಲ್ಲಿ ಬಿಡುಗಡೆಯಾದ ಆತ ಅದೇ ಆಗಸ್ಟಿನಲ್ಲಿ ಕಣಕ್ಕಿಳಿದಾಗ ಹಣದ ಹೊಳೆಯೇ ಹರಿಯಿತು. ಕೆಲಸಕ್ಕೆ ಮರಳುವ ಹಕ್ಕು ಆತನಿಗಿತ್ತೆಂದು ಒಪ್ಪೋಣ. ಆದರೆ ಆ ವೈಭವದ ಹಕ್ಕೂ ಇತ್ತೆ? ಅದನ್ನು ನೋಡುತ್ತ ಕುಳಿತ ಆ ಹೆಣ್ಣುಮಗಳ ಕಡೆಯಿಂದ ಯಾರು ಮಾತಾಡಬೇಕು?

ಇಲ್ಲಿಯೇ ನಾವು ಎರಡು ಸಂಗತಿಗಳನ್ನು ಬೇರೆ ಮಾಡಬೇಕು. ಕೆಲಸ ಒಂದು, ಗೌರವ ಇನ್ನೊಂದು. ಕೆಲಸ ಹಕ್ಕಿನಿಂದ ಬರತಕ್ಕದ್ದು. ಗೌರವ ಜನರು ಮನಸಾರೆ ಕೊಡತಕ್ಕದ್ದು. ಶಿಕ್ಷೆ ಮುಗಿದವನಿಗೆ ಲೈಸೆನ್ಸು ಕೊಡಿ, ಗಾಡಿ ಕೊಡಿ, ಸಾಲಿನಲ್ಲಿ ನಿಲ್ಲಲು ಬಿಡಿ. ಚಪ್ಪಾಳೆ ತಟ್ಟಲೇಬೇಕೆಂಬ ಕಟ್ಟಳೆಯಿಲ್ಲ. ಬುದ್ಧನ ಶಿಷ್ಯನಾದ ಅಂಗುಲಿಮಾಲನ ಕಥೆಯನ್ನು ನೆನೆಯಿರಿ. ಅವನು ಭಿಕ್ಷುವಾದ ಮೇಲೂ ಊರಿಗೆ ಭಿಕ್ಷೆಗೆ ಹೋದಾಗ ಕಲ್ಲು ಬಿದ್ದು ತಲೆಯೊಡೆದು ರಕ್ತ ಸುರಿಸುತ್ತ ಮರಳಿದನಂತೆ. ಬುದ್ಧನು ಅವನನ್ನು ಸಂಘದಿಂದ ಹೊರಹಾಕಲಿಲ್ಲ, ಹಾಗೆಂದು ಊರಿನವರಿಗೆ ಅವನನ್ನು ಪೂಜಿಸಿರೆಂದೂ ಹೇಳಲಿಲ್ಲ, ತಾಳಿಕೋ ಎಂದನು. ಮಕ್ಕಳು ಏನು ಕಲಿತಾರೆಂದು ಕೇಳಿದವರಿಗೆ ನನ್ನ ಉತ್ತರವೂ ಇದೇ. ಮಾಡಿದ ತಪ್ಪಿಗೆ ಶಿಕ್ಷೆಯುಂಟು, ಶಿಕ್ಷೆಗೆ ಕೊನೆಯುಂಟು, ಕೊನೆಯಾದ ಮೇಲೂ ತಲೆತಗ್ಗಿಸಿ ದುಡಿಯುವ ಕಾಲವುಂಟು ಎಂದು ಕಲಿಯಲಿ. ಇದಕ್ಕಿಂತ ಒಳ್ಳೆಯ ಪಾಠ ಬೇರೆ ಯಾವುದಿದೆ?

ಈಗ ನನ್ನ ಮನಸ್ಸನ್ನು ಬಹಳವಾಗಿ ಕೊರೆಯುತ್ತಿರುವ ವಿಷಯಕ್ಕೆ ಬರುತ್ತೇನೆ. ಫೆನಾಟಿ ಮರಳಿದನು, ಆಮಿರ್ ಮರಳಿದನು, ಟೈಸನ್ ಮರಳಿದನು. ಇವರೆಲ್ಲ ಏಕೆ ಮರಳಿದರು? ಪಶ್ಚಾತ್ತಾಪ ಪಟ್ಟುದರಿಂದಲೆ? ಪಟ್ಟಿ‌ರಬಹುದು. ಆದರೆ ತಂಡಗಳು ಕರೆದುದು ಪಶ್ಚಾತ್ತಾಪವನ್ನಲ್ಲ, ವೇಗವನ್ನು, ತೋಳಿನ ಬಲವನ್ನು. ಇಪ್ಪತ್ತನೆಯವನಾಗಿ ಬರುವ ಸವಾರನೊಬ್ಬನು ಇದೇ ತಪ್ಪು ಮಾಡಿ, ಇದೇ ಶಿಕ್ಷೆ ಅನುಭವಿಸಿ, ಇದೇ ಕಣ್ಣೀರು ಸುರಿಸಿದ್ದರೆ ಅವನನ್ನು ಯಾವ ತಂಡ ಕರೆಯುತ್ತಿತ್ತು? ಗೆಲ್ಲಬಲ್ಲವನಿಗೆ ಕ್ಷಮೆ, ಗೆಲ್ಲಲಾರದವನಿಗೆ ನೀತಿಬೋಧೆ. ಇದು ಲೋಕದ ರೀತಿಯಾಗಿದೆ.

ಪಂದ್ಯದ ದಾರಿಯಿಂದ ನಮ್ಮ ಊರಿನ ದಾರಿಗೆ ಬಂದರೆ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ನಮ್ಮ ಕೇರಿಯಲ್ಲಿ ಒಬ್ಬರು ಲಾರಿ ಓಡಿಸುತ್ತಿದ್ದರು. ನಾವು ಹುಡುಗರು ‘ಡ್ರೈವರಣ್ಣ’ ಎಂದು ಕರೆಯುತ್ತಿದ್ದೆವು. ಒಂದು ರಾತ್ರಿ ಪಕ್ಕದ ಹಳ್ಳಿಯ ತಿರುವಿನಲ್ಲಿ ಅವರ ಲಾರಿ ಸೈಕಲ್ಲಿನವನೊಬ್ಬನಿಗೆ ಬಡಿದು ಅವನು ತೀರಿಕೊಂಡನು. ಅಜಾಗರೂಕತೆಯೆಂದು ಕೋರ್ಟು ತೀರ್ಮಾನಿಸಿತು. ಆರು ತಿಂಗಳ ಸಜೆಯಾಯಿತು. ಸಜೆ ಮುಗಿಸಿ ಬಂದ ಮೇಲೆ ಮೂರು ಮಂದಿ ಮಾಲೀಕರ ಹತ್ತಿರ ಹೋದರು. ಮೂವರೂ ಇಲ್ಲವೆನ್ನಲಿಲ್ಲ, ‘ನೋಡೋಣ’ ಎಂದರು. ಆ ‘ನೋಡೋಣ’ ಇಂದಿಗೂ ಮುಗಿದಿಲ್ಲ. ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡಿದ ಮನುಷ್ಯ ಈಗ ಮಂಡಿಯಲ್ಲಿ ನಮ್ಮ ತಂದೆಯವರ ಜೊತೆಯಲ್ಲಿ ಮೂಟೆ ಹೊರುತ್ತಾರೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ, ಕಾನೂನಿನ ಮಾತು ಓದಿ ಬಲ್ಲವನೆಂದು ಅವರು ಒಮ್ಮೆ ನನ್ನನ್ನು ಕೇಳಿದರು: “ಏನಪ್ಪಾ, ಕೋರ್ಟು ಬಿಟ್ಟ ಮೇಲೂ ಬಿಡದೆ ಇರೋರು ಯಾರು? ಅವರಿಗೆ ಎಲ್ಲಿ ಅರ್ಜಿ ಹಾಕ್ಬೇಕು?” ನಾನು ಓದಿದ ಪುಸ್ತಕಗಳಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ.

ಸತ್ತವನ ಹೆಂಡತಿಯ ಮಾತನ್ನೂ ಹೇಳಬೇಕು. ಸಂತೆಯಲ್ಲಿ ಸಿಕ್ಕಾಗ ಆಕೆ ನಮ್ಮ ತಾಯಿಯವರೊಡನೆ ಹೀಗೆಂದರಂತೆ: “ಗಾಡಿ ಓಡ್ಸಿ ಮಕ್ಕಳ್ನ ಸಾಕ್ಕೊಳ್ಳಲಿ ಕಣಕ್ಕ, ನಾನು ಬ್ಯಾಡ ಅನ್ನಾಕಿಲ್ಲ. ನಮ್ಮೂರ ತಿರುವಿನಾಗೆ ಮಾತ್ರ ಬರೋದು ಬ್ಯಾಡ.” ಅವನು ಬದುಕಲಿ ಎಂದೂ ಆಕೆ ಹೇಳಿದರು, ತನ್ನ ನೋವಿಗೆ ಒಂದು ಗಡಿ ಬೇಕೆಂದೂ ಹೇಳಿದರು. ನಮ್ಮ ದೊಡ್ಡ ದೊಡ್ಡ ಒಕ್ಕೂಟಗಳು ಈ ಎರಡನ್ನೂ ಒಟ್ಟಿಗೆ ಹೇಳುವುದನ್ನು ಕಲಿಯಬೇಕಾಗಿದೆ.

ಹಾಗಾದರೆ ಆಗಬೇಕಾದುದೇನು? ನನ್ನ ಅಲ್ಪಮತಿಗೆ ತೋರಿದುದನ್ನು ಅರಿಕೆ ಮಾಡುತ್ತೇನೆ. ಮೊದಲನೆಯದಾಗಿ, ಕ್ರೀಡಾ ಒಕ್ಕೂಟಗಳು ಯಾವ ಬಗೆಯ ಅಪರಾಧಕ್ಕೆ ಎಷ್ಟು ಕಾಲ ಲೈಸೆನ್ಸು ಇಲ್ಲವೆಂಬುದನ್ನು ಮೊದಲೇ ಬರೆದಿಡಬೇಕು. ಜನ ಕೂಗಾಡಿದಾಗ ಹೆಚ್ಚಿಸುವುದು, ಮರೆತಾಗ ಇಳಿಸುವುದು ಆಗಬಾರದು. ಎರಡನೆಯದಾಗಿ, ಮೈದಾನದ ಹೊರಗಿನ ಅಪರಾಧಕ್ಕೆ ನ್ಯಾಯಾಲಯದ ಶಿಕ್ಷೆಯೇ ಸಾಕು. ಜೊತೆಗಾರರ ಪ್ರಾಣಕ್ಕೆ ಅಥವಾ ಆಟದ ಪ್ರಾಮಾಣಿಕತೆಗೆ ತಗಲಿದ ಅಪರಾಧವಾದರೆ ಮಾತ್ರ ಆಟ ತನ್ನ ಶಿಕ್ಷೆಯನ್ನು ಸೇರಿಸಲಿ. ಅಂಥವನು ಮರಳುವಾಗ ಕೆಳಗಿನ ದರ್ಜೆಯಲ್ಲಿ, ಹತೋಟಿಯಲ್ಲಿ, ಒಂದು ವರ್ಷವಾದರೂ ಓಡಿ ತೋರಿಸಲಿ. ಮೂರನೆಯದಾಗಿ, ಬಾಗಿಲು ತೆರೆಯುವ ಮುನ್ನ ನೊಂದವರ ಮಾತನ್ನು ಕೇಳಬೇಕು. ತಡೆಯುವ ಅಧಿಕಾರ ಅವರಿಗೆ ಇರದಿದ್ದರೂ ತಮಗೆ ಬೇಕಾದ ಗಡಿಯನ್ನು ಹೇಳುವ ಅವಕಾಶವಿರಬೇಕು. ನಾಲ್ಕನೆಯದೇ ಮುಖ್ಯವಾದುದು: ಈ ನಿಯಮಗಳು ಮೊದಲು ಬರುವವನಿಗೂ ಕೊನೆಗೆ ಬರುವವನಿಗೂ ಒಂದೇ ಆಗಿರಬೇಕು. ತಂಡದವರು ಯಾರನ್ನು ಆರಿಸಿಕೊಳ್ಳುತ್ತಾರೆಂಬುದು ಅವರ ಇಷ್ಟವಿರಬಹುದು. ಆದರೆ ಲೈಸೆನ್ಸಿನ ಚೀಟಿ ಮಾತ್ರ ಯಾರ ಇಷ್ಟಾನಿಷ್ಟಕ್ಕೂ ಒಳಗಾಗಬಾರದು.

ಅಪರಾಧಿ ಓಟಗಾರನಿಗೆ ಮರಳಿ ಪಂದ್ಯವುಂಟೆ ಎಂದು ಕೇಳಿಕೊಂಡು ಹೊರಟೆವು. ಉಂಟು, ಇರಲೇಬೇಕು ಎಂಬುದು ನನ್ನ ಅಭಿಪ್ರಾಯ. ಅವನು ವೇಗದವನೆಂಬ ಕಾರಣದಿಂದಲ್ಲ, ಅವನ ಲೆಕ್ಕ ಚುಕ್ತಾ ಆಯಿತೆಂಬ ಕಾರಣದಿಂದ. ಈ ಮಾತನ್ನು ಮೋಟಾರ್ ಸೈಕಲ್ಲಿನವನ ವಿಷಯದಲ್ಲಿ ಒಪ್ಪುವವರು ಮಂಡಿಯಲ್ಲಿ ಮೂಟೆ ಹೊರುವವನ ವಿಷಯದಲ್ಲಿಯೂ ಒಪ್ಪಬೇಕು. ಇನ್ನು ಹತ್ತಿಪ್ಪತ್ತು ವರ್ಷಗಳಲ್ಲಿ ನಮ್ಮಲ್ಲಿ ಕೆಲವರು ಕಚೇರಿಗಳಲ್ಲಿ ಕುಳಿತು, ಅಂಗಡಿ ಕಾರ್ಖಾನೆಗಳನ್ನು ನಡೆಸುತ್ತ, ಇತರರ ಅರ್ಜಿಗಳನ್ನು ಓದುವವರಾಗುತ್ತೇವೆ. ಆ ಕಲಮಿನಲ್ಲಿ ‘ಹೌದು’ ಎಂದು ಸತ್ಯವಾಗಿ ಬರೆದವನೊಬ್ಬನು ನಮ್ಮ ಮೇಜಿನ ಮುಂದೆ ನಿಂತಾಗ ‘ನೋಡೋಣ’ ಎಂದು ಹೇಳಿ ಕಳುಹಿಸದೆ, ಶಿಕ್ಷೆ ಯಾವಾಗ ಮುಗಿಯಿತು, ಕೆಲಸ ಏನು ಬಲ್ಲೆ ಎಂದು ಕೇಳುವಷ್ಟು ಧೈರ್ಯ ನಮಗಿರಲಿ.